ಹೆಬ್ಬೆರಳಿನ ಕೆಳಗಿನ ಸಾಲು

ಪುಸ್ತಕ ಬರೆದವರಿಗೆ ಒಂದು ಕಳ್ಳಚಟ ಇರುತ್ತದೆ, ನನಗಂತೂ ಇದೆ. ಯಾವ ಊರಿಗೆ ಹೋದರೂ ಗ್ರಂಥಾಲಯಕ್ಕೆ ನುಗ್ಗಿ, ಯಾರಿಗೂ ಗೊತ್ತಾಗದ ಹಾಗೆ ನನ್ನ ಪುಸ್ತಕ ಹುಡುಕುವುದು. ಊರ ಹೊಲಗಳ ದಾಖಲೆ ನೋಡಿಕೊಳ್ಳುವ ತಲಾಟಿಯಾಗಿ ನಿವೃತ್ತನಾದ ಮೇಲೆ, ಪಹಣಿ ಓದುವುದು ಹೇಗೆ, ಹೊಲಕ್ಕೆ ವಾರಸುದಾರರ ಹೆಸರು ಸೇರಿಸುವುದು ಹೇಗೆ ಎಂದು ಎಂಬತ್ತು ಪುಟ ಬರೆದಿದ್ದೆ. ಮುಂಡರಗಿಯಲ್ಲಿ ಅದು ಅಚ್ಚಿನಮನೆಯ ಹೊಳಪಿನಲ್ಲೇ ಕೂತಿತ್ತು. ಶಿರಹಟ್ಟಿಯಲ್ಲಿ ಅಡುಗೆ ಪುಸ್ತಕಗಳ ಸಾಲಿಗೆ ಸೇರಿಸಿದ್ದರು. ಇರಲಿ, ಅಲ್ಲಾದರೂ ಯಾರಾದರೂ ಮುಟ್ಟಿಯಾರು ಎಂದುಕೊಂಡೆ.

ಲಕ್ಷ್ಮೇಶ್ವರದಲ್ಲಿ ಮಾತ್ರ ಪುಸ್ತಕದ ಬೆನ್ನೇ ಮುರಿದಿತ್ತು. ಹಿಗ್ಗಿ ಹೀರೇಕಾಯಿಯಾದೆ! ಗ್ರಂಥಪಾಲಕಿ ಮಹಾದೇವಿ ಹೇಳಿದಳು: "ಇರೂದು ಒಂದ ಪ್ರತಿ, ಎಷ್ಟ ಮಂದಿಗೆ ಕೊಡ್ಲಿ? ಅಡರಕಟ್ಟಿ ಕಲ್ಲವ್ವ ಎಲ್ಲಾ ಪುಟದ ಫೋಟೋ ತಗದು ಹೆಣ್ಮಕ್ಕಳ ವಾಟ್ಸಾಪ್ ಗುಂಪಿಗೆ ಹಾಕ್ಯಾಳ್ರಿ."

ಹಿಗ್ಗು ಜರ್ರನೆ ಇಳಿಯಿತು. ಇಡೀ ಪುಸ್ತಕ! ನನ್ನ ಒಂದು ಮಾತೂ ಕೇಳದೆ! 'ಎಲ್ಲ ಹಕ್ಕುಗಳನ್ನು ಕಾಯ್ದಿರಿಸಲಾಗಿದೆ' ಎಂದು ಎರಡನೆಯ ಪುಟದಲ್ಲೇ ಅಚ್ಚು ಹಾಕಿಸಿದ್ದೆನಲ್ಲ. ಯಾರೂ ಕೊಳ್ಳದ ಪುಸ್ತಕಕ್ಕೆ ಕಾವಲು ಯಾಕೆ ಎಂದು ನೀವು ಕೇಳಬಹುದು. ದಯವಿಟ್ಟು ಕೇಳಬೇಡಿ. "ಆಕಿನ್ನ ಕರಸ್ರಿ" ಎಂದು ಗುಡುಗಿದೆ.

ಮಹಾದೇವಿ ಫೋನ್ ಮಾಡಿದಳು. ಕಲ್ಲವ್ವ ಬಸ್ಸಿಳಿದು ಬರುವಷ್ಟರಲ್ಲಿ ನಾನು ಒಂದು ಭಾಷಣ ಸಿದ್ಧಮಾಡಿಕೊಂಡಿದ್ದೆ. ಆಕೆ ಬಾಯಿ ತೆರೆಯಗೊಡಲಿಲ್ಲ.

"ನೀವ ಏನ್ರಿ ಬರದವರು? ಛಲೋ ಆತು. ನಲವತ್ತನೇ ಪುಟದ ಫೋಟೋದಾಗ ನನ್ನ ಹೆಬ್ಬಟ್ಟು ಅಡ್ಡ ಬಂದೈತಿ. ಅದರ ಕೆಳಗ ಏನ್ ಬರದೀರಿ? ನೋಡೂಣು ಅಂದ್ರ ಪುಸ್ತಕ ಯಾವಾಗ್ಲೂ ಯಾರರೆ ಒಯ್ದಿರ್ತಾರ."

ನೋಡಿದೆ. ಅರ್ಜಿಗೆ ಬೇಕಾದ ಕಾಗದಗಳ ಪಟ್ಟಿ. ಬೆರಳಿನ ಕೆಳಗೆ ಅಡಗಿದ್ದದ್ದು ವಂಶವೃಕ್ಷ. ಗಂಡ ತೀರಿಕೊಂಡ ಮೇಲೆ ಕಲ್ಲವ್ವ ಮೂರು ಸಲ ಅರ್ಜಿ ಒಯ್ದಿದ್ದಳಂತೆ. ಮೂರು ಸಲವೂ 'ಒಂದು ಕಾಗದ ಕಡಿಮೆ' ಎಂದು ತಿರುಗಿ ಬಂದಿತ್ತು. ಅದೇ ಫೋಟೋ ನಂಬಿದ ಗುಂಪಿನ ಉಳಿದವರದೂ ಅದೇ ಗತಿ.

"ಗಂಡನ ಮನಿಯವ್ರು ಹೊಲ ಮೈದುನನ ಹೆಸರಿಗೆ ಮಾಡ್ಕೊಳ್ಳಾಕ ನಿಂತಾರ್ರಿ. ನನ್ನ ಹೆಸರು ಬರ್ಲಿಲ್ಲಂದ್ರ ಎರಡ ಕೂಸು ಕಟ್ಕೊಂಡು ಎಲ್ಲಿಗೆ ಹೋಗ್ಲಿ?"

'ಒಂದು ಕಾಗದ ಕಡಿಮೆ' ಎಂದು ನಾನೇ ಎಷ್ಟು ಜನರನ್ನು ತಿರುಗಿ ಕಳಿಸಿದ್ದೇನೋ, ಯಾವುದು ಎಂದು ಹೇಳದೆ. ನಾಚಿಕೆಯಾಯಿತು. ಪುಸ್ತಕ ಬಿಡಿಸಿ, ಎರಡೂ ಕೈಯಿಂದ ಪುಟ ಒತ್ತಿ ಹಿಡಿದೆ.

"ಜರಾ ಸರೀರಿ, ನಿಮ್ಮ ನೆರಳು ಬೀಳಾಕತ್ತೈತಿ" ಎಂದು ಫೋಟೋಕ್ಕೆ ಫೋನ್ ಹಿಡಿದ ಆಕೆ ಲೇಖಕನನ್ನೇ ಗದರಿದಳು. ಮಹಾದೇವಿಯೂ ಸುಮ್ಮನಿರಲಿಲ್ಲ. ಯಾರು ಬೇಕಾದರೂ ಪ್ರತಿ ಮಾಡಿಕೊಳ್ಳಬಹುದು ಎಂದು ಚೀಟಿ ಬರೆದು ನನ್ನ ಸಹಿ ಹಾಕಿಸಿಕೊಂಡು, ಪುಸ್ತಕದೊಳಗೆ ಅಂಟಿಸಿಯೇ ಬಿಟ್ಟಳು.

ಎರಡು ತಿಂಗಳಾದ ಮೇಲೆ ನನ್ನ ಫೋನಿಗೆ ಒಂದು ಪಹಣಿಯ ಚಿತ್ರ ಬಂತು. ಮಾಲೀಕರ ಹೆಸರಿನ ಜಾಗದಲ್ಲಿ ಕಲ್ಲವ್ವ! ಕೆಳಗೆ ಬರೆದಿದ್ದಳು: "ಎಲ್ಲಾರಿಗೂ ಕಳಸ್ರಿ ಸರ್. ನಮ್ಮ ಹೆಸರೂ ಬರ್ತೈತಿ ಅಂತ ಗೊತ್ತಾಗ್ಲಿ."

ಮೊದಲು ಯಾರಿಗೆ ಕಳಿಸಲಿ ಎಂದು ಬಹಳ ಹೊತ್ತು ಕೂತೆ. ಕಡೆಗೆ ಬಿಂಕದಕಟ್ಟಿಯ ನನ್ನ ತಂಗಿಗೆ ಕಳಿಸಿದೆ. ನಮ್ಮಪ್ಪನ ಹೊಲದ ಪಹಣಿಯಲ್ಲಿ ಇರುವುದು ನನ್ನೊಬ್ಬನದೇ ಹೆಸರು; ಎಂಬತ್ತು ಪುಟ ಬರೆದರೂ ಅದು ನನ್ನ ಕಣ್ಣಿಗೆ ಬಿದ್ದಿರಲಿಲ್ಲ.

ತಕ್ಷಣ ಫೋನ್ ಬಂತು. "ಯಣ್ಣಾ, ಇದನ್ನ ನನಗ್ಯಾಕ ಕಳಿಸೀದಿ?"

"ನಾಳೆ ಬರ್ತೇನಿ," ಅಂದೆ. "ನಿನ್ನ ಆಧಾರ್ ಕಾರ್ಡ್ ತಗದಿಡು."