ಕೀಬೋರ್ಡಿಗೆ ಕೊಟ್ಟ ಆರು ತಂತಿ

ನವೆಂಬರ್ ಹತ್ತು, ಭಾನುವಾರ, ಬೆಳಿಗ್ಗೆ ಹನ್ನೊಂದು ಗಂಟೆ. ಇದು ಶುರುವಾದದ್ದು ಆಗ, ತಿಪಟೂರಿನಲ್ಲಿ, ನಾನು ಅಣ್ಣ ಎಂದು ಕರೆಯುತ್ತಿದ್ದ, ನಮ್ಮ ಮದುವೆ ಆರ್ಕೆಸ್ಟ್ರಾದ ಕೀಬೋರ್ಡ್ ವಾದಕರ ಮನೆಯಲ್ಲಿ. ಯಾವ ಊರಿನ ಕಾರ್ಯಕ್ರಮ, ಎಷ್ಟು ಹೊತ್ತಿಗೆ ಶ್ರುತಿ ಮಾಡಿದೆ, ಯಾವ ತಂತಿ ನಡುವೆ ಇಳಿಯಿತು ಎಂದೆಲ್ಲ ಬರೆದಿಡುವುದು ನನ್ನ ಅಭ್ಯಾಸ. ಆ ದಿನದ ಡೈರಿಯಲ್ಲಿ "ಆರೂ ತಂತಿ ಸರಿ. ಇಷ್ಟು ಚೆನ್ನಾಗಿ ಎಂದೂ ಕೂಡಿರಲಿಲ್ಲ" ಎಂದು ಬರೆದಿದ್ದೇನೆ. ಎಷ್ಟು ಖುಷಿಯಿಂದ ಬರೆದಿದ್ದೆ ಎನ್ನುವುದು ಅಕ್ಷರ ನೋಡಿದರೇ ಗೊತ್ತಾಗುತ್ತದೆ.

ನನ್ನದು ಸ್ಟ್ಯಾಂಡಿನ ಮೇಲೆ ಮಲಗಿಸಿ, ತಂತಿಗಳ ಮೇಲೆ ಉಕ್ಕಿನ ಸರಳು ಜಾರಿಸುತ್ತಾ ನುಡಿಸುವ ಗಿಟಾರ್. ಮೊದಲು ಚಿಕ್ಕಪ್ಪನದಾಗಿತ್ತು. ಅವರು ನುಡಿಸುವುದನ್ನು ಬಿಟ್ಟ ಮೇಲೆ, ಅಟ್ಟದಲ್ಲಿ ಕೊಬ್ಬರಿಯಾಗಲೆಂದು ಹಾಕಿದ ಕಾಯಿಗಳ ಪಕ್ಕ ವರ್ಷಗಟ್ಟಲೆ ಬಿದ್ದಿತ್ತು. ಇಂಥದೇ ಗಿಟಾರಿಗೆ ಪೆಡಲ್ ಇಟ್ಟು, ಕಾಲಲ್ಲಿ ಒತ್ತಿ ತಂತಿಯ ಸ್ವರ ಏರಿಸುವುದನ್ನು ಮೊಬೈಲಿನಲ್ಲಿ ನೋಡಿದ ಮೇಲೆ ನನಗೂ ಅದೇ ಬೇಕಾಯಿತು. ತಿಪಟೂರಿನಲ್ಲಿ ಬೈಕ್ ರಿಪೇರಿ ಮಾಡುವ ಭಾಯಿಯೊಬ್ಬರಿಗೆ ವಿಡಿಯೊ ತೋರಿಸಿದೆ.

"ಇದೇನಮ್ಮ, ಗಿಟಾರಾ ಮೊಪೆಡ್ಡಾ? ಹಾರನ್ ಒಂದು ಬೇಡ್ವಾ?" ಎಂದು ನಕ್ಕರು. ಆಮೇಲೆ ಕ್ಲಚ್ ಕೇಬಲ್, ಸ್ಪ್ರಿಂಗ್ ಹಾಕಿ ಎರಡು ಪೆಡಲ್ ಮಾಡಿಕೊಟ್ಟರು.

ಈ ವಾದ್ಯದ ಶ್ರುತಿ ಒಂದೇ ಸಲಕ್ಕೆ ಮುಗಿಯುವುದಿಲ್ಲ. ಪೆಡಲ್ ಒತ್ತದಿದ್ದಾಗ ತಂತಿ ಸರಿಯಿರಬೇಕು. ಒತ್ತಿದಾಗ ಮೇಲಿನ ಸ್ವರಕ್ಕೆ ಹೋಗಿ ಸರಿಯಾಗಿ ನಿಲ್ಲಬೇಕು. ಬಿಟ್ಟರೆ ಹೊರಟಲ್ಲಿಗೇ ಬರಬೇಕು. ಒಂದನ್ನು ಬಿಗಿ ಮಾಡಿದರೆ ಇನ್ನೊಂದು ಇಳಿಯುತ್ತದೆ. ಮನೆಯಲ್ಲಾದರೆ ಇಪ್ಪತ್ತು ನಿಮಿಷದ ಕೆಲಸ. ಕಲ್ಯಾಣಮಂಟಪದಲ್ಲಿ ಹಿಂದೆ ಜನರೇಟರ್, ಪಕ್ಕದಲ್ಲಿ ವಾಲಗ, ಕಿವಿಯ ಹತ್ತಿರವೇ "ಹಲೋ, ಮೈಕ್ ಟೆಸ್ಟಿಂಗ್". ಗಿಟಾರಿನ ತಲೆಗೆ ಕಚ್ಚಿಸುವ, ಶ್ರುತಿ ತೋರಿಸುವ ಟ್ಯೂನರ್ ನನ್ನ ತಂತಿಯನ್ನು ಬಿಟ್ಟು ಡೋಲಿನ ಏಟಿಗೆ ಕುಣಿಯುತ್ತದೆ. ವೈರು ಸಿಕ್ಕಿಸಿ ನೋಡುವಂಥದ್ದು ಜನರೇಟರಿನ ಗುಂಯ್ ಎನ್ನುವ ಸದ್ದಿಗೇ ತಬ್ಬಿಬ್ಬಾಗುತ್ತದೆ. ಅದಕ್ಕೇ ನಾನು ದವಡೆಯನ್ನು ಗಿಟಾರಿನ ಮರಕ್ಕೆ ಒತ್ತಿಕೊಂಡು ಮೂಳೆಯಿಂದ ಕೇಳುವುದನ್ನು ಕಲಿತೆ. ಒಂದು ಊರಿನಲ್ಲಿ ಅಜ್ಜಿಯೊಬ್ಬರು, "ಪಾಪ, ಮಗ ನಿದ್ದೆಗೆಟ್ಟೈತೆ, ಎಬ್ಬುಸ್ಬ್ಯಾಡ್ರಪ್ಪ" ಅಂದಿದ್ದರು.

ದವಡೆಯಿಂದ ಒಂದು ತಂತಿಗೆ ಇನ್ನೊಂದನ್ನು ಕೂಡಿಸಬಹುದು. ಮೊದಲ ಸ್ವರವನ್ನು ಮಾತ್ರ ಯಾರಾದರೂ ಕೊಡಲೇಬೇಕು. ಅದನ್ನು ಕೊಡುತ್ತಿದ್ದವರು ಅಣ್ಣ. ಆರ್ಕೆಸ್ಟ್ರಾ ಅವರದೇ. ದಬ್ಬೇಘಟ್ಟದ ಹತ್ತಿರವಿರುವ ನಮ್ಮ ಮನೆಗೆ ಬಂದು, ಅಪ್ಪನ ಎದುರು ಕೂತು, "ಪ್ರೋಗ್ರಾಂ ಮುಗುದ್ಮೇಲೆ ನಾನೇ ಬಾಗ್ಲಿಗೆ ತಂದು ಬುಡ್ತೀನಿ ಕಣಣ್ಣ, ನನ್ ತಂಗಿ ಇದ್ದಂಗೆ" ಎಂದು ಒಪ್ಪಿಸಿದ್ದರು. ಹೇಳಿದಂತೆಯೇ ನಡೆದುಕೊಂಡರು. ವೇದಿಕೆಯಲ್ಲಿ ತಮ್ಮ ಹೆಡ್‌ಫೋನ್ ತೆಗೆದು ನನ್ನ ತಲೆಗೆ ಹಾಕಿ, ಒಂದು ಸ್ವರ ಒತ್ತಿ ಹಿಡಿದು ನಿಲ್ಲುತ್ತಿದ್ದರು. ಅಷ್ಟು ಗದ್ದಲದಲ್ಲಿ ನಾನು ನಂಬುತ್ತಿದ್ದದ್ದು ಅದೊಂದು ಸ್ವರವನ್ನು.

ಅಕ್ಟೋಬರ್ ಕೊನೆಯಲ್ಲಿ ತುರುವೇಕೆರೆಯ ಒಂದು ಕಾರ್ಯಕ್ರಮ ಮುಗಿಸಿ ವೈರು ಸುತ್ತುವಾಗ ಅವರೇ ಮಾತು ತೆಗೆದರು. "ನಿಂಗೆ ಸ್ವರ ಕೊಡೋದ್ರಲ್ಲೇ ನನ್ ಟೈಮೆಲ್ಲ ಹೋಯ್ತದೆ ಕಣಮ್ಮ. ಒಂದಿನ ಗಿಟಾರ್ ತಗಂಡು ಮನೆಗ್ ಬಾ. ನಿನ್ ತಂತಿನೇ ಕೀಬೋರ್ಡಿಗೆ ತುಂಬ್ಕೊಬುಡ್ತೀನಿ. ಆಮೇಲೆ ನೀನೇ ಒತ್ಕೊ, ನೀನೇ ಕೂಡುಸ್ಕೊ."

ಹಾಗೆ ಆ ಭಾನುವಾರ ಹೋದೆ. ಕಿಟಕಿ ಮುಚ್ಚಿದರು, ಫ್ಯಾನ್ ಆರಿಸಿದರು. ಅತ್ತಿಗೆ ಅಡುಗೆಮನೆಯಿಂದ, "ಚಟ್ನಿ ಆಮೇಲೇ ರುಬ್ತೀನಿ, ನಿಮ್ದು ಮುಗೀಲಿ. ಇವತ್ತು ಊಟ ಲೇಟು ಅಂತ ಯಾರೂ ಬಾಯಿ ಬುಡಂಗಿಲ್ಲ" ಅಂದರು. ಅಷ್ಟು ನಿಶ್ಶಬ್ದದಲ್ಲಿ ನಾನು ಎಂದೂ ಶ್ರುತಿ ಮಾಡಿರಲಿಲ್ಲ. ಅಣ್ಣ ಒಂದೊಂದೇ ತಂತಿಯನ್ನು ನುಡಿಸಲು ಹೇಳಿ, ರೆಕಾರ್ಡ್ ಮಾಡಿ ಕೀಬೋರ್ಡಿಗೆ ತುಂಬಿಕೊಂಡರು. ಆಮೇಲೆ ಮೆಲ್ಲಗೆ ನುಡಿಸು ಅಂದರು, ಜೋರಾಗಿ ನುಡಿಸು ಅಂದರು. ಪೆಡಲ್ ಒತ್ತಿ ಬಿಡು, ಸರಳು ಜಾರಿಸು, ಸ್ವಲ್ಪ ನಡುಗಿಸು ಅಂದರು.

"ಶ್ರುತಿಗೆ ಇಷ್ಟೆಲ್ಲ ಯಾಕಣ್ಣ?"

"ಇರ್ಲಿ ಬುಡು, ಯಾವ್ದುಕ್ಕಾದ್ರೂ ಆಯ್ತದೆ."

ಎರಡನೆಯ ಪೆಡಲ್ ಬಿಟ್ಟಾಗ ಸ್ಪ್ರಿಂಗ್ ಟಿಕ್ ಎನ್ನುತ್ತಿತ್ತು. ಅವರಿಗೆ ಅದೊಂದೇ ಬೇಸರ. ಗ್ರೀಸ್ ಹಾಕಿದರೂ ಹೋಗಿಲ್ಲ ಅಂದೆ. ಊಟ ಮಾಡಿಸಿ ಕಳಿಸಿದರು.

ಅದರಿಂದ ಉಪಯೋಗವಾಯಿತು, ಸುಳ್ಳು ಹೇಳಬಾರದು. ಮುಂದಿನ ನಾಲ್ಕು ಕಾರ್ಯಕ್ರಮಗಳಲ್ಲಿ ನನ್ನ ಶ್ರುತಿ ಬೇಗ ಮುಗಿಯಿತು. ಧನುರ್ಮಾಸದಲ್ಲಿ ಮದುವೆಗಳಿರಲಿಲ್ಲ. ಸಂಕ್ರಾಂತಿ ಕಳೆದು ಮದುವೆಗಳು ಶುರುವಾದರೂ ಅಣ್ಣನ ಫೋನ್ ಬರಲಿಲ್ಲ. ನಾನೇ ಮಾಡಿದೆ. "ಸ್ಟೇಜ್ ಚಿಕ್ಕದು ಕಣಮ್ಮ" ಅಂದರು. ಇನ್ನೊಮ್ಮೆ, "ಈ ಪಾರ್ಟಿಯವ್ರು ಜನ ಕಮ್ಮಿ ಸಾಕು ಅಂದವ್ರೆ." ಮೂರನೆಯ ಸಲ, "ಹೇಳ್ತೀನಿ ಬುಡು." ಮೂರನ್ನೂ ನಂಬಿದೆ.

ಫೆಬ್ರವರಿಯಲ್ಲಿ ಹುಳಿಯಾರಿನಲ್ಲಿ ಅಮ್ಮನ ಕಡೆಯವರ ಆರತಕ್ಷತೆ. ವೇದಿಕೆಯ ಮೇಲೆ ನಮ್ಮದೇ ಆರ್ಕೆಸ್ಟ್ರಾ ಇರುವುದನ್ನು ನೋಡಿ ಕೈಬೀಸಿದೆ. ಅಣ್ಣ ತಲೆಯಾಡಿಸಿದರು. ಕುರ್ಚಿಯಲ್ಲಿ ಕೂರುವಷ್ಟರಲ್ಲಿ ಗಿಟಾರ್ ಕೇಳಿಸಿತು. ನನ್ನ ಬದಲಿಗೆ ಯಾರನ್ನು ಕರೆತಂದಿದ್ದಾರೆ ಎಂದು ಎದ್ದು ನಿಂತು ಹುಡುಕಿದೆ. ಯಾರೂ ಇರಲಿಲ್ಲ. ಅಣ್ಣನ ಬಲಗೈ ಕೀಬೋರ್ಡಿನ ಮೇಲೆ ಓಡುತ್ತಿತ್ತು, ಹಾಡಿನ ಸಾಲು ಮುಗಿದಲ್ಲೆಲ್ಲ ಟಿಕ್ ಎಂಬ ಸದ್ದು ಬರುತ್ತಿತ್ತು. ಕೀಬೋರ್ಡಿನಲ್ಲಿ ಸ್ಪ್ರಿಂಗ್ ಇಲ್ಲ.

ಎರಡು ಹಾಡುಗಳ ನಡುವೆ ಮೆಟ್ಟಿಲ ಹತ್ತಿರ ಹೋಗಿ, "ಅಣ್ಣ, ಅದು ನನ್ನ ಗಿಟಾರು" ಅಂದೆ.

ಅವರ ಮುಖದಲ್ಲಿ ನಾಚಿಕೆಯಿರಲಿಲ್ಲ. "ನಿಂದೇ ಕಣಮ್ಮ! ಎಂಗೈತೆ? ನೀನಿಲ್ದಿದ್ರೂ ನೀನಿದ್ದಂಗೇ ಐತಲ್ಲ."

"ನನ್ನ ಒಂದ್ ಮಾತು ಕೇಳ್ಬೇಕಿತ್ತು."

"ಏನ್ ಕೇಳೋದು? ಗಿಟಾರ್ ನಿನ್ತಾವೇ ಐತೆ. ನಾನೇನು ಕಿತ್ಕಂಡೆನಾ?"

ಬೇರೆಯವರಾಗಿದ್ದರೆ ಜಗಳವಾಡುತ್ತಿದ್ದೆ. ನನ್ನನ್ನು ಮನೆ ಬಾಗಿಲವರೆಗೆ ತಂದು ಬಿಡುತ್ತಿದ್ದವರು ಇವರು. ಅವರನ್ನು ಕಳ್ಳ ಅನ್ನಲು ನಾಲಿಗೆ ಏಳಲಿಲ್ಲ. ಊಟಕ್ಕೆ ಕೂರದೆ ಬಸ್ಸು ಹತ್ತಿದೆ.

ಇನ್ನೊಂದು ಆರ್ಕೆಸ್ಟ್ರಾ ಸೇರಿದರಾಯಿತು ಎಂದುಕೊಂಡೆ. ಏಪ್ರಿಲ್‌ನಲ್ಲಿ ಚಿಕ್ಕನಾಯಕನಹಳ್ಳಿಯ ತಂಡವೊಂದು, ಸಂಜೆಯ ಕಾರ್ಯಕ್ರಮಕ್ಕೆ ಮೊದಲು ಬಂದು ನುಡಿಸಿ ತೋರಿಸಿ ಎಂದು ಕರೆಯಿತು. ಬಿಸಿಲಲ್ಲಿ, ಬಸ್ಸಿನಲ್ಲಿ, ಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟುಕೊಂಡು ಹೋದೆ. ಅಲ್ಲಿನ ಕೀಬೋರ್ಡ್ ವಾದಕ ನನ್ನ ವಯಸ್ಸಿನವನೇ, ಮರ್ಯಾದಸ್ಥ.

"ಸ್ಟೀಲ್ ಗಿಟಾರಾ ಮೇಡಂ? ಆ ಟೋನ್ ನಮ್ತಾವ್ಲೂ ಐತಲ್ಲ. ತಿಪಟೂರಿಂದ ಬಂತು. ಈಗ ಎಲ್ರ ಪೆನ್‌ಡ್ರೈವಲ್ಲೂ ಐತೆ ಬುಡಿ" ಎಂದು ಒತ್ತಿದ. ಕೇಳಿಸಿದ್ದು ನನ್ನ ಮೂರನೆಯ ತಂತಿ.

ಕುರ್ಚಿ ಎಳೆಯುವ ಸದ್ದು, ಜನರೇಟರಿನ ಸದ್ದು. ಬಿಸಿಲಿಗೆ ತಂತಿಗಳು ಸಡಿಲವಾಗಿದ್ದವು. ದವಡೆ ಒತ್ತಿ, ಆದಷ್ಟು ಕೂಡಿಸಿ ನುಡಿಸಿದೆ. ಅವನು ಕೀಬೋರ್ಡಿನ ಸ್ವರ ಹಿಡಿದು ಹೋಲಿಸಿದ.

"ಬೇಜಾರ್ ಮಾಡ್ಕಬೇಡಿ ಮೇಡಂ, ನಿಮ್ದು ಒಂಚೂರು ಇಳ್ದೈತೆ. ಇದು ನೋಡಿ, ಎಷ್ಟು ಕರೆಕ್ಟು."

ಅವನು ಹೇಳಿದ್ದು ನಿಜ. ಕಿಟಕಿ ಮುಚ್ಚಿ, ಫ್ಯಾನ್ ಆರಿಸಿ, ಚಟ್ನಿಯನ್ನೂ ನಿಲ್ಲಿಸಿ ನಾನೇ ಕೂಡಿಸಿದ ಶ್ರುತಿ ಅದು. ಗದ್ದಲದಲ್ಲಿ ಕೂತ ನಾನು ಅದಕ್ಕೆ ಸರಿಸಾಟಿ ಹೇಗಾದೇನು? ಅದು ನನ್ನದೇ ಎಂದು ಅವನಿಗೆ ಹೇಳಿದೆ ಕೂಡ.

"ಹಂಗಾದ್ರೆ ನಿಮ್ಗೆ ನೀವೇ ಕಾಂಪಿಟಿಷನ್ನು" ಎಂದು ನಕ್ಕು ಟೀ ತರಿಸಿದ. ಕೆಟ್ಟವನಲ್ಲ. ಜಾಗವಿದ್ದರೆ ಫೋನ್ ಮಾಡುತ್ತೇನೆ ಅಂದ. ಫೋನ್ ಬಂದಿಲ್ಲ.

ಅಂದಿನಿಂದ ಯಾರ ಕೀಬೋರ್ಡಿನಿಂದಲೂ ಸ್ವರ ತೆಗೆದುಕೊಳ್ಳುತ್ತಿಲ್ಲ. ನಮ್ಮೂರ ಹಿಟ್ಟಿನ ಗಿರಣಿಯ ಪಕ್ಕದ ಜಗಲಿಯಲ್ಲಿ, ಗದ್ದಲದಲ್ಲೇ ಅಭ್ಯಾಸವಾಗಲೆಂದು ಗಿರಣಿ ಓಡುವ ಹೊತ್ತಿಗೇ ಗಿಟಾರ್ ಇಟ್ಟು ಕೂರುತ್ತೇನೆ. ತಂತಿಗಳು ಒಂದಕ್ಕೊಂದು ಕೂಡುತ್ತವೆ. ಮೊದಲ ಸ್ವರ ಮಾತ್ರ ದಿನಕ್ಕೊಂದು ಕಡೆ ನಿಲ್ಲುತ್ತದೆ. ಪೆಡಲ್ ಒತ್ತಿದ ಸ್ವರ ಇನ್ನೂ ಹತೋಟಿಗೆ ಬಂದಿಲ್ಲ.

ಇನ್ನೊಬ್ಬರ ವಾದ್ಯದಿಂದ ಸ್ವರ ತೆಗೆದುಕೊಳ್ಳದೆ, ಇಂಥ ಸದ್ದಿನ ನಡುವೆ ಪೆಡಲ್ ಗಿಟಾರನ್ನು ಶ್ರುತಿ ಮಾಡುವ ದಾರಿ ಗೊತ್ತಿರುವವರು ದಯವಿಟ್ಟು ಬರೆಯಿರಿ. ಒಮ್ಮೆ ಕೀಬೋರ್ಡಿಗೆ ಹೋದ ದನಿಯ ಮೇಲೆ ನುಡಿಸಿದವರಿಗೆ ಏನಾದರೂ ಹಕ್ಕು ಉಳಿಯುತ್ತದೆಯೇ ಎನ್ನುವುದು ಗೊತ್ತಿದ್ದರೆ ಅದನ್ನೂ ತಿಳಿಸಿ. ನೀವು ಹೋದ ಮದುವೆಯಲ್ಲಿ ಗಿಟಾರ್ ಕೇಳಿಸಿ, ವೇದಿಕೆಯ ಮೇಲೆ ಗಿಟಾರ್ ಕಾಣದೆ ಹೋದರೆ, ಊರು ಮತ್ತು ತಾರೀಖು ಬರೆದು ಕಳಿಸಿ, ಡೈರಿಯಲ್ಲಿ ಬರೆದಿಡುತ್ತೇನೆ.