ಹುಸೇನಸಾಬರ ಇದ್ದಿಲು ಭಟ್ಟಿ

1943ರ ಬೇಸಿಗೆಯಲ್ಲಿ ನಾನು ಹಳಿಯಾಳದಿಂದ ಜೋಯಿಡಾ ಕಡೆಗೆ ಹೋಗುವ ದಾರಿಯ ಒಂದು ಮಾಲ್ಕಿ ಕಾಡಿನಲ್ಲಿ, ಅಂದರೆ ಖಾಸಗಿ ಒಡೆತನದ ಕಾಡಿನಲ್ಲಿ, ಮೇಲ್ವಿಚಾರಕಿಯಾಗಿದ್ದೆ. ಪುಣೆಯಲ್ಲಿ ಸಸ್ಯಶಾಸ್ತ್ರದ ಬಿ.ಎಸ್ಸಿ. ಮುಗಿಸಿದ್ದೆ. ಮೊದಲಿದ್ದವರು ಸೈನ್ಯಕ್ಕೆ ಸೇರಿದ್ದರಿಂದ ಆ ಹುದ್ದೆ ನನಗೆ ಸಿಕ್ಕಿತ್ತು. ಆ ವರ್ಷ ಕಡಿಯಬೇಕಾದ ಭಾಗಕ್ಕೆ ಕೂಪು ಎನ್ನುತ್ತಾರೆ. ಕೂಪಿನ ಗಡಿ ಗುರುತಿಸುವುದು, ಉಳಿಸಬೇಕಾದ ಸಾಗುವಾನಿ ಮರಗಳಿಗೆ ಸುಣ್ಣದ ಪಟ್ಟೆ ಬಳಿಸುವುದು, ಮಿಕ್ಕ ಕಟ್ಟಿಗೆಯನ್ನು ಇದ್ದಿಲು ಮಾಡಿಸುವುದು ನನ್ನ ಕೆಲಸ. ಯುದ್ಧದಿಂದ ಪೆಟ್ರೋಲ್ ಸಿಗದೆ ಬಸ್ಸುಗಳು ಇದ್ದಿಲಿನ ಗ್ಯಾಸಿನಿಂದ ಓಡುತ್ತಿದ್ದವು. ಅದೇ ಯುದ್ಧ ಮಲೇರಿಯಾಕ್ಕೆ ಕೊಡುವ ಕ್ವಿನೈನನ್ನೂ ನಿಲ್ಲಿಸಿತ್ತು.

ಕಟ್ಟಿಗೆಯನ್ನು ಗುಡ್ಡೆಯಾಗಿ ಜೋಡಿಸಿ, ಸೊಪ್ಪು ಹೊದಿಸಿ, ಹಸಿಮಣ್ಣು ಮೆತ್ತಿ, ನೆತ್ತಿಯಿಂದ ಕೆಂಡ ಹಾಕಿದರೆ ಅದು ಭಟ್ಟಿ. ಒಳಗೆ ಕಟ್ಟಿಗೆ ಉರಿಯಬಾರದು, ಬೇಯಬೇಕು. ಮಣ್ಣು ಬಿರಿದಲ್ಲೆಲ್ಲ ಏಣಿ ಹತ್ತಿ ಮೆತ್ತದಿದ್ದರೆ ಎಲ್ಲವೂ ಬೂದಿ. ಹೊಗೆ ಬಿಳುಪಿನಿಂದ ನೀಲಿಗೆ ತಿರುಗಿದಾಗ ಗಾಳಿ, ಹೊಗೆಗೆ ಬಿಟ್ಟ ಬಾಯಿಗಳನ್ನೆಲ್ಲ ಮುಚ್ಚಬೇಕು. ಬೆಂಕಿ ಹಾಕಿದವನೇ ಮುಚ್ಚಬೇಕೆಂಬುದು ಅಲ್ಲಿಯ ಪದ್ಧತಿ. ಇನ್ನೊಬ್ಬರ ಭಟ್ಟಿಯನ್ನು ಯಾರೂ ಮುಟ್ಟುತ್ತಿರಲಿಲ್ಲ.

ಹುಸೇನಸಾಬರು ನಮ್ಮ ಕೂಪಿನ ಹಿರಿಯ ಭಟ್ಟಿಗಾರರು. ಭಟ್ಟಿ ಬೇಯುತ್ತಿದ್ದಾಗಲೇ ಅವರಿಗೆ ಜ್ವರ ಬಂತು. ಮೂರನೆಯ ಬೆಳಿಗ್ಗೆ ಅವರು ಏಣಿಯ ಬುಡದಲ್ಲಿ ಕಂಬಳಿ ಹೊದ್ದು ನಡುಗುತ್ತಿದ್ದರು. ಕಣ್ಣು ಹಳದಿಯಾಗಿತ್ತು. ಹಳಿಯಾಳದ ದವಾಖಾನೆಗೆ ಹೋಗಲು ಗಾಡಿ ಕಟ್ಟಿಸಿದೆ.

"ಭಟ್ಟಿ ಬಾಯಿ ಮುಚ್ಚಿ ಹೋಗ್ತೇನ್ರಿ ಬಾಯಾರ. ಹೊಗಿ ಇನ್ನೂ ನೀಲಿ ಆಗಿಲ್ಲ."

"ನೀರು ಹಾಕಿ ಆರಿಸಿಬಿಡೂಣು. ನಷ್ಟ ಮಾಲೀಕರದು," ಎಂದೆ.

"ನೀರು ಹಾಕಿಸ್ಕೊಂಡ ಭಟ್ಟಿಯವಗ ಮುಂದ ಯಾರು ಜಾಗಾ ಕೊಡ್ತಾರ್ರಿ?"

"ನಾ ಕೊಡ್ತೇನಿ."

"ಯುದ್ಧ ಮುಗದ ಮ್ಯಾಲೂ ನೀವ ಇರ್ತೀರೇನ್ರಿ?"

ಆಳುಗಳ ಮುಕಾದಮ ಮಲ್ಲಪ್ಪನ ಕಡೆ ನೋಡಿದೆ. ಅವನು ಎರಡು ಹೆಜ್ಜೆ ಹಿಂದೆ ಸರಿದ.

"ನಾ ಮುಟ್ಟಂಗಿಲ್ರೀ. ನಾಳೆ ಬೂದಿ ಆತಂದ್ರ ಮಲ್ಲಪ್ಪಂದು ಸುಡಗಾಡ ಕೈ ಅಂತಾರ."

ಹುಸೇನಸಾಬರ ಹೆಂಡತಿ ಬೀಬಿಜಾನ್ ಮಣ್ಣಿನ ಬುಟ್ಟಿ ಎತ್ತಿ ಸೊಂಟಕ್ಕಿಟ್ಟುಕೊಂಡರು. "ಹಂಗಾರ ನಾ ಮುಚ್ಚತೇನಿ. ಆವತ್ತ ಇವರ ಕೈಯಾಗ ಕೆಂಡ ಕೊಟ್ಟಾಕಿ ನಾನ."

"ಹೆಂಗಸರು ಭಟ್ಟಿ ಹತ್ತೂದು ಎಲ್ಲೈತಿ ಬೇ?" ಎಂದ ಮಲ್ಲಪ್ಪ.

"ಕಟಗಿ ಹೊರೂವಾಗ, ಮಣ್ಣು ತುಳಿಯೂವಾಗ ನಾ ಹೆಂಗಸಾಗಿದ್ದಿಲ್ಲೇನು ಮಲ್ಲಪ್ಪಣ್ಣಾ? ಹತ್ತೂ ಹೊತ್ತಿಗೆ ಅಷ್ಟ ನೆನಪಾತೇನು?"

ಅಷ್ಟು ನಡುಕದಲ್ಲೂ ಹುಸೇನಸಾಬರು ನಕ್ಕರು. "ಬಿಡೋ ಮಲ್ಲಪ್ಪಾ. ಆಕಿ ಜೋಡಿ ನಾನ ಗೆದ್ದಿಲ್ಲ, ನೀ ಗೆಲ್ತಿಯೇನು?"

ಆಕೆ ಹತ್ತಿ ಒಂದು ಬಿರುಕು ಮುಚ್ಚಿದ್ದನ್ನು ನೋಡಿದ ಮೇಲೆಯೇ ಅವರು ಗಾಡಿಗೆ ಬಂದರು. ಮಲಗಿಸುವಾಗ ತಲೆಯೆತ್ತಿ, "ಬಡಗಣ ಮಗ್ಗಲ ಕುಸೀತೈತಿ, ಹುಷಾರ," ಎಂದರು.

"ನಿಮ್ಮ ಹುಷಾರಿ ನೀವು ನೋಡ್ಕೋರಿ. ಹೋಗ್ರಿ," ಎಂದು ಮೇಲಿನಿಂದಲೇ ಉತ್ತರ ಬಂತು.

ಮಲ್ಲಪ್ಪನನ್ನು ಗಾಡಿಯ ಜೊತೆ ಕಳಿಸಿದೆ. ಆಕೆಯೂ ಹೋಗಬೇಕೆಂದು ನನಗೆ ಅನಿಸಿತ್ತು. ಆದರೆ ಆಕೆ ಇಳಿದರೆ ಅವರೂ ಗಾಡಿಯಿಂದ ಇಳಿಯುತ್ತಿದ್ದರು.

ಮರುದಿನ ಮಧ್ಯಾಹ್ನ ಗಾಡಿ ತಿರುಗಿ ಬಂತು. ಮಲ್ಲಪ್ಪ ಎತ್ತುಗಳ ಮುಂದೆ ನಡೆದು ಬರುತ್ತಿದ್ದ. "ಹಳಿಯಾಳ ಮುಟ್ಟಲಿಲ್ರೀ. ದಾರ್ಯಾಗ ಜೀವಾ ಹೋತು," ಎಂದ.

ಏಣಿಯ ಬುಡಕ್ಕೆ ಹೋಗಿ ನಾನೇ ತಿಳಿಸಿದೆ. ಬೀಬಿಜಾನ್ ನನ್ನತ್ತ ನೋಡಲಿಲ್ಲ.

"ಹೊಗಿ ನೀಲಿ ಆಗೇತ್ರಿ," ಎಂದರು. "ಮುಚ್ಚಿ ಬರ್ತೇನಿ."

ನೆತ್ತಿಯ ಬಾಯಿ ಮುಚ್ಚಿದರು. ಇಳಿದು, ಸುತ್ತಲಿನ ಒಂದೊಂದೇ ಗಾಳಿಕಿಂಡಿಗೆ ಮಣ್ಣು ಒತ್ತಿದರು. ಯಾರೂ ಕೈಹಾಕಲಿಲ್ಲ. ಕೈ ತೊಳೆದುಕೊಂಡು ಗಾಡಿಯ ಹತ್ತಿರ ಹೋದರು. ನಾನು ಅಲ್ಲಿಗೆ ಹೋಗಲಿಲ್ಲ.

ಆ ಭಟ್ಟಿಯ ಇದ್ದಿಲು ಒಳ್ಳೆಯದೇ ಬಂತು.

ಮುಂದಿನ ವರ್ಷದಿಂದ, ಪ್ರತಿ ಭಟ್ಟಿಗೂ ಇಬ್ಬರು ಕೂಡಿಯೇ ಬೆಂಕಿ ಹಾಕಬೇಕೆಂದು ನಿಯಮ ಮಾಡಿದೆ. ಪದ್ಧತಿ ಮುರಿಯಲಿಲ್ಲ, ಮುಚ್ಚುವ ಹಕ್ಕು ಇಬ್ಬರಿಗೆ ಸಿಕ್ಕಿತು, ಅಷ್ಟೆ. ಮೊದಲ ಭಟ್ಟಿಗೆ ಬೀಬಿಜಾನ್ ಜೊತೆ ಕೆಂಡ ಹಿಡಿದವನು ಮಲ್ಲಪ್ಪ. ಯಾರಿಗಾದರೂ ಕೆಲಸ ಒಪ್ಪಿಸುವ ಮೊದಲು, ಇವರು ನಡುವೆ ಎದ್ದು ಹೋಗಬೇಕಾಗಿ ಬಂದರೆ ಇದನ್ನು ಯಾರು ಹಿಡಿಯುತ್ತಾರೆ ಎಂದು ಕೇಳಿಕೊಳ್ಳುವುದನ್ನು ನಾನು ಆ ಕೂಪಿನಲ್ಲಿ ಕಲಿತೆ. ಕ್ವಿನೈನ್ ಆ ವರ್ಷವೂ ಬರಲಿಲ್ಲ. ಜ್ವರ ಬಂದವರು ಮಾತ್ರ ಮೊದಲ ದಿನವೇ ಗಾಡಿ ಹತ್ತುತ್ತಿದ್ದರು.