ನಾಗವೇಣಿ ಇಲ್ಲದೆ ಮುಗಿದ ಪಾಠಗಳು

ಕೊರೊನಾ ಕಾಲ ಕಳೆದು ಶಾಲೆಗಳು ಮೊದಲಿನಂತೆ ನಡೆಯತೊಡಗಿದ ಮೇಲಿನ ಮಾತಿದು. ನಾನಾಗ ಮುಳಬಾಗಿಲು ತಾಲ್ಲೂಕಿನಲ್ಲಿ ಸಂಪನ್ಮೂಲ ವ್ಯಕ್ತಿಯಾಗಿದ್ದೆ. ಪ್ರೌಢಶಾಲೆಗಳಿಗೆ ಹೋಗಿ ಪಾಠ ಹೇಗೆ ನಡೆಯುತ್ತಿದೆ ಎಂದು ನೋಡುವುದು, ಶಿಕ್ಷಕರಿಗೆ ನೆರವಾಗುವುದು, ಮೇಲಿನ ಕಚೇರಿಗೆ ವರದಿ ಕೊಡುವುದು ಆ ಹುದ್ದೆಯ ಕೆಲಸ. ಅದಕ್ಕೆ ಮೊದಲು ಬಹಳ ವರ್ಷ ಶ್ರೀನಿವಾಸಪುರದ ಕಡೆ ಗಣಿತ ಹೇಳಿಕೊಟ್ಟಿದ್ದೆ. ಈಗ ನಿವೃತ್ತನಾಗಿದ್ದೇನೆ. ಆಂಧ್ರದ ಗಡಿಗೆ ಹತ್ತಿರವಿದ್ದ ಒಂದು ಶಾಲೆಯ ಪ್ರಕರಣವನ್ನು ಇಲ್ಲಿ ಬರೆಯುತ್ತಿದ್ದೇನೆ. ಶಾಲೆಯ ಹೆಸರು ಬೇಡ. ಮಕ್ಕಳ ಹೆಸರುಗಳನ್ನೂ ಬದಲಿಸಿದ್ದೇನೆ.

ಆ ವರ್ಷ ಒಂದು ಸಂಸ್ಥೆ ಹತ್ತನೇ ತರಗತಿಗೆ ಟ್ಯಾಬ್‌ಗಳನ್ನೂ ಆನ್‌ಲೈನ್ ಗಣಿತ ಪಠ್ಯವನ್ನೂ ಕೊಟ್ಟಿತ್ತು. ಗಡಿ ಭಾಗದ ತರಗತಿಗಳಲ್ಲಿ ಮನೆಯಲ್ಲಿ ತೆಲುಗು ಆಡುವವರು, ಉರ್ದು ಶಾಲೆಯಲ್ಲಿ ಓದಿ ಬಂದವರು, ಬೇಸಾಯದ ಕೆಲಸಕ್ಕೆಂದು ಆಗಾಗ ಶಾಲೆ ತಪ್ಪಿಸುವವರು ಎಲ್ಲರೂ ಒಂದೇ ಬೆಂಚಿನಲ್ಲಿ ಕೂರುತ್ತಾರೆ. ಒಬ್ಬ ಶಿಕ್ಷಕಿ ಒಂದೇ ವೇಗದಲ್ಲಿ ಇಷ್ಟು ಜನರಿಗೆ ಕಲಿಸುವುದು ಕಷ್ಟ. ಹೊಸ ಪಠ್ಯ ‘ಅಡಾಪ್ಟಿವ್’ ಆಗಿತ್ತು. ಅಂದರೆ, ವಿದ್ಯಾರ್ಥಿ ಕೊಡುವ ಉತ್ತರಗಳನ್ನು ನೋಡಿ ಮುಂದಿನ ಪಾಠವನ್ನು ತಾನೇ ಆರಿಸುತ್ತಿತ್ತು. ತಪ್ಪು ಮಾಡಿದವರಿಗೆ ಹಿಂದಿನ ತರಗತಿಗಳ ಪಾಠ, ಚಿತ್ರ, ತೆಲುಗು ಅಥವಾ ಉರ್ದು ವಿವರಣೆ ಬರುತ್ತಿತ್ತು. ಸರಿಯಾಗಿ ಮಾಡಿದವರು ಮೇಲಿನ ಹಂತಕ್ಕೆ ಹೋಗುತ್ತಿದ್ದರು. ಅಲ್ಲಿ ಚಿತ್ರವಾಗಲಿ ವಿವರಣೆಯಾಗಲಿ ಇರಲಿಲ್ಲ, ಬರೀ ಲೆಕ್ಕ.

ಜನವರಿಯಲ್ಲಿ ನಾನು ಆ ಶಾಲೆಗೆ ಹೋದೆ. ಐದು ಮಕ್ಕಳಿಗೆ ಒಂದು ಟ್ಯಾಬ್. ಪ್ರತಿಯೊಬ್ಬರಿಗೂ ಬೇರೆ ಲಾಗಿನ್. ಗುಂಪಿಗೊಬ್ಬ ನಾಯಕಿ ಅಥವಾ ನಾಯಕ. ಗಣಿತ ಶಿಕ್ಷಕಿ ಗಿರಿಜಾ ಉತ್ಸಾಹಿ. ಪ್ರತಿ ಗುಂಪು ಎಷ್ಟು ಪಾಠ ಮುಗಿಸಿದೆ ಎಂದು ಕಪ್ಪುಹಲಗೆಯ ಅಂಚಿನಲ್ಲಿ ಬರೆಯುತ್ತಿದ್ದರು. ಹಿಂದೆ ಬಿದ್ದ ಗುಂಪು ಶನಿವಾರ ತರಗತಿಯ ಕಸ ಗುಡಿಸಬೇಕು. ಮಕ್ಕಳಿಗೆ ಹುರುಪು ಬರಲಿ ಎಂದು ಮಾಡಿದ ಏರ್ಪಾಡು ಅದು.

ಎಲ್ಲರಿಗಿಂತ ಮುಂದಿದ್ದ ಗುಂಪಿನ ಪಕ್ಕ ಕುಳಿತೆ. ನಾಯಕಿ ಶಬ್ರೀನ್ ಚುರುಕಿನ ಹುಡುಗಿ. ಅವಳ ಪಕ್ಕದಲ್ಲಿದ್ದ ನಾಗವೇಣಿ ತನ್ನ ಪಾಠ ತೆರೆದಳು. ತ್ರಿಕೋನಮಿತಿಯ ಕಠಿಣ ಲೆಕ್ಕ ಬಂತು. ಮೊದಲ ಹೆಜ್ಜೆ ಹೇಳಮ್ಮ ಎಂದೆ. ನೋಟ್‌ಬುಕ್ಕಿನ ಹಾಳೆ ತಿರುವತೊಡಗಿದಳು. ಸುಲಭದ್ದು ಕೇಳೋಣವೆಂದು, ಅರ್ಧದಲ್ಲಿ ಅರ್ಧ ಎಷ್ಟು ಎಂದೆ. ಅವಳು ಶಬ್ರೀನ್ ಮುಖ ನೋಡಿದಳು.

“ಅವ್ಳಿಗೆ ಬರಲ್ಲ ಸಾರ್,” ಎಂದಳು ಶಬ್ರೀನ್, ಯಾವ ಅಳುಕೂ ಇಲ್ಲದೆ. “ಅವ್ಳ ಪಾಠ ಎಲ್ಲಾ ನಾನೇ ಮಾಡೋದು.”

“ಯಾಕಮ್ಮ?”

“ಅವ್ಳ ಮನೇಲಿ ಹುಳ ಹಣ್ಣಾದಾಗ ಸ್ಕೂಲಿಗೆ ಬರಕ್ಕಾಗಲ್ಲ ಸಾರ್. ಪಾಠ ಹಂಗೇ ಬಿಟ್ರೆ ಶನಿವಾರ ಐದು ಜನಾನೂ ಕಸ ಹೊಡೀಬೇಕು. ಆಮೇಲೆ ಎಲ್ರೂ ಇವ್ಳನ್ನೇ ಬೈತಾರೆ.”

ಹಿಂದಿನ ಬೆಂಚಿನಿಂದ ಒಬ್ಬ ಕೂಗಿದ: “ಪಬ್ಲಿಕ್ ಎಕ್ಸಾಮಲ್ಲೂ ಶಬ್ರೀನೇ ಎರಡು ಪೇಪರ್ ಬರೀತಾಳೆ ಬಿಡಿ ಸಾರ್!”

ತರಗತಿ ನಕ್ಕಿತು. ನಾಗವೇಣಿಯೂ ನಕ್ಕಳು.

ಹುಳ ಎಂದರೆ ರೇಷ್ಮೆ ಹುಳ. ಕೊನೆಯ ಹಂತದಲ್ಲಿ ಅವು ಹಗಲೂ ರಾತ್ರಿ ಸೊಪ್ಪು ತಿನ್ನುತ್ತವೆ. ಹಣ್ಣಾಗಿ ಗೂಡು ಕಟ್ಟಲು ಸಿದ್ಧವಾದ ಮೇಲೆ ಒಂದೊಂದನ್ನೂ ಆರಿಸಿ, ಚಂದ್ರಿಕೆ ಎಂಬ ಬಿದಿರಿನ ತಟ್ಟಿಗೆ ಬಿಡಬೇಕು. ಆ ದಿನಗಳಲ್ಲಿ ಮನೆಯ ಒಂದು ಕೈಯೂ ಬಿಡುವಾಗಿರುವುದಿಲ್ಲ. ಪ್ರತಿ ಬೆಳೆಗೂ ನಾಗವೇಣಿ ಹೀಗೆ ಶಾಲೆ ತಪ್ಪಿಸುತ್ತಿದ್ದಳು. ತಪ್ಪಿದ ಪಾಠವನ್ನು ಬಂದ ಮೇಲೆ ತನ್ನ ವೇಗದಲ್ಲಿ, ತನ್ನ ಭಾಷೆಯಲ್ಲಿ ಕಲಿಯಲಿ ಎಂದೇ ಇಂಥ ಪಠ್ಯವನ್ನು ತಂದದ್ದು. ಅವಳ ಬದಲು ಶಬ್ರೀನ್ ಕೊಟ್ಟ ಸರಿ ಉತ್ತರಗಳನ್ನು ನಂಬಿ ಅದು ನಾಗವೇಣಿಯನ್ನು ಮೇಲೆ ಮೇಲೆ ಕಳಿಸಿತ್ತು. ಅವಳಿಗೆ ಬೇಕಿದ್ದ ಪಾಠಗಳು ಅವಳ ಪರದೆಯ ಮೇಲೆ ಒಮ್ಮೆಯೂ ಬಂದಿರಲಿಲ್ಲ.

ವಿಷಯ ಹೇಳಿದಾಗ ಗಿರಿಜಾ ಹಲಗೆಯ ಅಂಚಿನ ಅಂಕಿಗಳತ್ತ ನೋಡಿದರು. “ಹಿಂದಿರೋ ಮಕ್ಕಳ ಹತ್ತಿರಾನೇ ಕೂತ್ಕೊಳ್ತಿದ್ದೆ ಸಾರ್. ಇವಳು ಮುಂದಿದಾಳೆ ಅಂತ ಇವಳನ್ನ ಕೇಳೋದನ್ನೇ ಬಿಟ್ಬಿಟ್ಟಿದ್ದೆ,” ಎಂದರು.

ಸಂಜೆ ನಾವಿಬ್ಬರೂ ನಾಗವೇಣಿಯ ಮನೆಗೆ ಹೋದೆವು. ತಾಯಿ ರತ್ನಮ್ಮ ಹುಳುಗಳಿಗೆ ಸೊಪ್ಪು ಹಾಕುತ್ತಿದ್ದರು. ಕೈ ನಿಲ್ಲಿಸದೆಯೇ ಮಾತಾಡಿದರು. “ಪಾಸಾದ್ರೆ ಕಾಲೇಜಿಗೆ ಕಳಿಸ್ತೀನಿ ಅಂತ ಅವ್ರಪ್ಪ ಮಾತು ಕೊಟ್ಟವ್ರೆ ಸಾರ್. ನರ್ಸ್ ಆಗ್ಬೇಕಂತೆ ಇವ್ಳಿಗೆ. ಫೇಲಾದ್ರೆ ಮಾಲೂರಲ್ಲಿ ಇವ್ಳತ್ತೆ ಅವ್ಳೆ, ಫ್ಯಾಕ್ಟ್ರಿ ಬಸ್ಸು ಬಾಗ್ಲಿಗೇ ಬರ್ತೈತೆ. ಅದೂ ಅವ್ರಪ್ಪ ಕೊಟ್ಟ ಮಾತೇ.”

ನಾಗವೇಣಿ ಬಾಗಿಲಿಗೆ ಒರಗಿ ನಿಂತಿದ್ದಳು.

ಮರುದಿನ ಸಂಸ್ಥೆಯವರಿಗೆ ಫೋನ್ ಮಾಡಿದೆ. ಹಳೆಯ ಫಲಿತಾಂಶ ಅಳಿಸಲಾಗದು, ಬೇಕಾದರೆ ಕೆಳ ಹಂತದಿಂದ ಇನ್ನೊಂದು ಖಾತೆ ಕೊಡುತ್ತೇವೆ, ಮಾರ್ಚ್ ಮುಗಿಯುವವರೆಗೆ ಇರುತ್ತದೆ ಎಂದರು. ಖಾತೆ ಬಂದ ದಿನ ನಾನೂ ತರಗತಿಯಲ್ಲಿದ್ದೆ. ಮೊದಲ ಪಾಠ ಭಿನ್ನರಾಶಿ. ಗೊಂಬೆಯೊಂದು ರೊಟ್ಟಿ ಮುರಿದು ತೋರಿಸುತ್ತಾ ತೆಲುಗಿನಲ್ಲಿ ಗಟ್ಟಿಯಾಗಿ ಮಾತಾಡಿತು. ತರಗತಿಯೆಲ್ಲ ತಿರುಗಿ ನೋಡಿತು.

“ಲೇ ನಾಗೂ, ಅಂಗನವಾಡಿಗೆ ಸೇರ್ಕೊಂಡ್ಯೇನೇ? ಉಪ್ಪಿಟ್ಟು ಕೊಡ್ತಾರಾ ಕೇಳೇ!”

ಅವಳು ಟ್ಯಾಬ್ ಮಗುಚಿಟ್ಟಳು. ಮಧ್ಯಾಹ್ನ ನನ್ನ ಬಳಿ ಬಂದು, “ಸಾರ್, ಹಳೇದೇ ಕೊಡಿ. ಲೆಕ್ಕ ಬರದೇ ಇದ್ರೂ ಪರವಾಗಿಲ್ಲ,” ಎಂದಳು.

ಗಿರಿಜಾ ಶನಿವಾರದ ಕಸದ ಪದ್ಧತಿ ನಿಲ್ಲಿಸಿದರು. ಹಲಗೆಯ ಮೇಲೆ ಬರೆಯುವುದನ್ನೂ ಬಿಟ್ಟರು. ತಮ್ಮ ಮನೆಯಿಂದ ಹೆಡ್‌ಫೋನ್ ತಂದು, ಶಾಲೆ ಬಿಟ್ಟ ಮೇಲೆ ಶಿಕ್ಷಕರ ಕೋಣೆಯ ಮೂಲೆಯಲ್ಲಿ ನಾಗವೇಣಿಯನ್ನು ಕೂರಿಸಿದರು. ಕೆಲವು ದಿನ ಅವಳು ಪರದೆಯನ್ನು ಸುಮ್ಮನೆ ನೋಡುತ್ತಿದ್ದಳು. ಆಮೇಲೆ ಕಲಿಯತೊಡಗಿದಳು. ಒಮ್ಮೆ ನಾನು ಹೋದಾಗ, ಕಿವಿ ಮುಚ್ಚಿಕೊಂಡಿದ್ದರಿಂದ ತನ್ನ ದನಿ ತನಗೇ ಕೇಳಿಸದೆ, “ಸಗಂಲೋ ಸಗಂ ಅಂಟೇ ಕಾಲು” ಎಂದು ಜೋರಾಗಿ ಹೇಳಿಕೊಳ್ಳುತ್ತಿದ್ದಳು. ಅರ್ಧದಲ್ಲಿ ಅರ್ಧ ಅಂದರೆ ಕಾಲು. ಗಿರಿಜಾ ನನ್ನತ್ತ ನೋಡಿದರು.

ಫೆಬ್ರುವರಿ ಕೊನೆಗೆ ಅವಳು ಸರಳ ಸಮೀಕರಣಕ್ಕೆ ಬಂದಿದ್ದಳು. ಹತ್ತನೇ ತರಗತಿಯ ಪಠ್ಯ ಇನ್ನೂ ದೂರವಿತ್ತು. ಮಾರ್ಚ್‌ನಲ್ಲಿ ಮತ್ತೆ ಹುಳ ಹಣ್ಣಾಯಿತು. ಪರೀಕ್ಷೆಗೆ ಮುನ್ನಿನ ಒಂದು ವಾರ ಅವಳು ಚಂದ್ರಿಕೆಗಳ ನಡುವೆ ಇದ್ದಳು.

ಫಲಿತಾಂಶದಲ್ಲಿ ಉಳಿದೆಲ್ಲ ವಿಷಯ ಪಾಸ್, ಗಣಿತ ಒಂದರಲ್ಲಿ ಫೇಲ್. ಎರಡನೇ ಪರೀಕ್ಷೆಗೆ ಕೆಲವು ವಾರಗಳಿದ್ದವು. ಅಷ್ಟರಲ್ಲಿ ಅವಳ ಖಾತೆ ಮುಚ್ಚಿತ್ತು. ಬೇಸಿಗೆಗೂ ಮುಂದುವರಿಸಿ ಎಂದು ಕೇಳಿದೆ. ಪಠ್ಯ ಪೂರ್ಣಗೊಳಿಸದವರಿಗೆ ಮಾತ್ರ ಆ ಸೌಲಭ್ಯ ಎಂಬ ಉತ್ತರ ಬಂತು. ಸಂಸ್ಥೆಯವರು ನೋಡಿದ್ದು ಮೊದಲ ಖಾತೆಯನ್ನು. ಅದರ ಪ್ರಕಾರ ನಾಗವೇಣಿ ಇಡೀ ಪಠ್ಯ ಮುಗಿಸಿದ್ದಳು, ಅದೂ ಅತ್ಯುನ್ನತ ಹಂತದಲ್ಲಿ. ನಡೆದದ್ದನ್ನು ವಿವರಿಸಿ ಬರೆದೆ. ಪರಿಶೀಲಿಸುತ್ತೇವೆ ಎಂದರು. ಪರೀಕ್ಷೆ ಕಳೆದುಹೋಯಿತು. ಗಿರಿಜಾ ರಜೆಯಲ್ಲಿ ಬಂದು ಪುಸ್ತಕದಿಂದಲೇ ಹೇಳಿಕೊಟ್ಟಿದ್ದರು. ಸಾಕಾಗಲಿಲ್ಲ. ನಾಗವೇಣಿ ಮತ್ತೆ ಫೇಲಾದಳು, ಮಾಲೂರಿಗೆ ಹೋದಳು. ಇನ್ನೊಂದು ಪರೀಕ್ಷೆ ಇದೆ ಎಂದು ಹೇಳಲು ನಾನು ಮನೆಗೆ ಹೋದಾಗ ರತ್ನಮ್ಮ ನೀರು ಕೊಟ್ಟರು. “ರಜಾ ಕೊಡಲ್ವಂತೆ ಸಾರ್,” ಎಂದಷ್ಟೇ ಹೇಳಿದರು.

ಆ ವರ್ಷದ ಕೊನೆಗೆ ಮುಳಬಾಗಿಲು ಬಸ್ ನಿಲ್ದಾಣದಲ್ಲಿ ಶಬ್ರೀನ್ ಸಿಕ್ಕಳು. ಪಿಯುಸಿ ವಿಜ್ಞಾನ ಓದುತ್ತಿದ್ದಳು. ನಮಸ್ಕಾರ ಹೇಳಿ, ನನ್ನ ಬಸ್ ಬರುವವರೆಗೂ ಅಲ್ಲೇ ನಿಂತಳು.

“ನಾನು ಮಾಡಿಕೊಡದೆ ಬಿಟ್ಟಿದ್ರೆ ಅವ್ಳು ಪಾಸಾಗ್ತಿದ್ಳಾ ಸಾರ್?”

“ಹೇಳಕ್ಕಾಗಲ್ಲಮ್ಮ. ನೀನು ಕೆಟ್ಟದ್ದು ಮಾಡ್ಬೇಕು ಅಂತ ಮಾಡ್ಲಿಲ್ಲ.”

“ಅವ್ಳೂ ಅದೇ ಅಂತಾಳೆ,” ಎಂದಳು ಶಬ್ರೀನ್. “ಹಂಗಂದು ಫೋನ್ ಇಟ್ಬಿಡ್ತಾಳೆ.”

ನಿವೃತ್ತಿಯವರೆಗೂ ನಾನು ಅನೇಕ ಶಾಲೆಗಳಲ್ಲಿ ಇಂಥ ಪಠ್ಯಗಳನ್ನು ನೋಡಿದೆ. ಕೆಲವು ನಿಜಕ್ಕೂ ಒಳ್ಳೆಯವು. ನಾಗವೇಣಿಗೆ ಸಿಕ್ಕಿದ್ದೂ ಒಳ್ಳೆಯದೇ. ಹೆಡ್‌ಫೋನ್ ಹಾಕಿಕೊಂಡ ಆ ಕೆಲವು ವಾರಗಳೇ ಅದಕ್ಕೆ ಸಾಕ್ಷಿ. ಆದರೆ ಪ್ರತಿ ಮಗುವಿಗೂ ಬೇರೆ ದಾರಿ ತೋರಿಸುವ ಸಾಧನ ಕೆಲಸ ಮಾಡಬೇಕಾದರೆ ಮಗು ಮೊದಲು ಅದರ ಮುಂದೆ ತಪ್ಪು ಉತ್ತರ ಕೊಡಬೇಕು. ತಪ್ಪು ಉತ್ತರಕ್ಕೆ ಕಸಬರಿಗೆಯೋ ನಗುವೋ ಕಾದಿರುವ ತರಗತಿಯಲ್ಲಿ ಯಾವ ಮಗುವೂ ಅದನ್ನು ಕೊಡುವುದಿಲ್ಲ. ತನಗೆ ಬರುವುದಿಲ್ಲ ಎಂದು ನಾಗವೇಣಿಗೆ ಗೊತ್ತಿತ್ತು, ಅವಳ ಗುಂಪಿಗೂ ಗೊತ್ತಿತ್ತು. ಅದನ್ನು ಹೇಳಿಯೂ ತಲೆ ಎತ್ತಿ ಕೂರಬಹುದಾದ ಒಂದು ಜಾಗವನ್ನು ನಾವು ಅವಳಿಗೆ ಕೊಟ್ಟದ್ದು ಜನವರಿಯಲ್ಲಿ. ಅದು ಬೇಕಿದ್ದದ್ದು ಜೂನ್‌ನಲ್ಲಿ.